ಆಫೀಸ್ ನೆಟ್‌ನಲ್ಲಿ ಸೈಟ್ ತೆರೆಯುತ್ತಿಲ್ಲವೇ? ತಡೆದದ್ದು ಎಲ್ಲಿ, ಅವರಿಗೆ ಕಾಣುವುದೆಷ್ಟು

ಪ್ರಶ್ನೆ: ನಮ್ಮ ಆಫೀಸಿನ ನೆಟ್‌ವರ್ಕ್‌ನಲ್ಲಿ ಕೆಲವು ಸೈಟ್‌ಗಳು ತೆರೆಯುವುದಿಲ್ಲ. ಒಂದಕ್ಕೆ ‘ಸಂಸ್ಥೆಯ ನಿಯಮದಂತೆ ತಡೆಯಲಾಗಿದೆ’ ಅಂತ ಪುಟ ಬರುತ್ತದೆ. ಇನ್ನೊಂದಕ್ಕೆ ಸರ್ಟಿಫಿಕೇಟ್ ಸರಿಯಿಲ್ಲ ಎಂಬ ಎಚ್ಚರಿಕೆ. ಮತ್ತೊಂದು ಸುಮ್ನೆ ಸುತ್ತುತ್ತಲೇ ಇರುತ್ತದೆ. ಅವೇ ಸೈಟ್‌ಗಳು ಮೊಬೈಲ್ ಡೇಟಾದಲ್ಲಿ ಸಲೀಸಾಗಿ ತೆರೆಯುತ್ತವೆ. ಐಟಿಯವರನ್ನು ಕೇಳಿದರೆ ‘ಪಾಲಿಸಿ’ ಅನ್ನುತ್ತಾರೆ, ಅಷ್ಟೇ. ಇದೆಲ್ಲ ಹೇಗೆ ನಡೆಯುತ್ತದೆ? ನಾನು ಓದುವುದು, ಟೈಪ್ ಮಾಡುವುದು ಎಲ್ಲ ಅವರಿಗೆ ಕಾಣುತ್ತದಾ? ಬ್ಯಾಂಕ್ ಪಾಸ್‌ವರ್ಡ್ ಕೂಡಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ನಿಜವಾಗಿ ಚಿಂತೆ ಇರುವುದು ಅದರದ್ದೇ. ಕಾಣಬಹುದು, ಕಾಣದೆಯೂ ಇರಬಹುದು. ನಿಮ್ಮ ಲ್ಯಾಪ್‌ಟಾಪ್‌ನೊಳಗೆ ಕಂಪನಿಯ ಒಂದು ಸರ್ಟಿಫಿಕೇಟ್ (ಬ್ರೌಸರ್ ನಂಬುವ ಡಿಜಿಟಲ್ ಗುರುತುಪತ್ರ) ಕೂತಿದೆಯಾ, ಅದನ್ನು ಅವರು ಬಳಸುತ್ತಿದ್ದಾರಾ ಎನ್ನುವುದರ ಮೇಲೆ ಮುಕ್ಕಾಲು ಭಾಗ ನಿಂತಿದೆ. ಅದನ್ನು ಯಾರನ್ನೂ ಕೇಳದೆ ನೀವೇ ನೋಡಿಕೊಳ್ಳಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಮೂರು ಬೇರೆಬೇರೆ ಲಕ್ಷಣ ಬರೆದಿದ್ದೀರಲ್ಲ, ಅದು ತುಂಬಾ ಒಳ್ಳೆಯದಾಯಿತು. ಹೆಚ್ಚಿನವರು ‘ಸೈಟ್ ಬ್ಲಾಕ್ ಆಗಿದೆ’ ಅಂತಷ್ಟೇ ಬರೆಯುತ್ತಾರೆ. ಎಲ್ಲೋ ಒಂದು ಪೆಟ್ಟಿಗೆ ಇದೆ, ಅದು ಬೇಡ ಅಂದದ್ದನ್ನೆಲ್ಲ ತಡೆಯುತ್ತದೆ ಎನ್ನುವ ಕಲ್ಪನೆ ಎಲ್ಲರಿಗೂ ಇರುತ್ತದೆ. ಹಾಗಿಲ್ಲ. ಒಂದು ಪುಟ ತೆರೆಯಬೇಕಾದರೆ ಮೊದಲು ಸೈಟಿನ ಹೆಸರಿಗೆ ಐಪಿ ವಿಳಾಸ (ಅಂಕಿಗಳ ವಿಳಾಸ) ಸಿಗಬೇಕು, ಆ ವಿಳಾಸಕ್ಕೆ ಸಂಪರ್ಕ ಆಗಬೇಕು, ಗುಪ್ತಲಿಪಿಯ ಮಾತುಕತೆ ಕುದುರಬೇಕು, ಆಮೇಲೆ ಪುಟ ಕೇಳಬೇಕು, ಅದು ಬರಬೇಕು. ಇದರಲ್ಲಿ ಯಾವ ಹಂತದಲ್ಲಿ ಬೇಕಾದರೂ ತಡೆಯಬಹುದು. ಯಾವ ಹಂತದಲ್ಲಿ ತಡೆದರು ಎನ್ನುವುದು ಸೈಟ್ ಹೇಗೆ ಕೈಕೊಟ್ಟಿತು ಎನ್ನುವುದರಲ್ಲೇ ಗೊತ್ತಾಗುತ್ತದೆ. ಆ ಹಂತದಲ್ಲಿ ಕೂತವರಿಗೆ ಎಷ್ಟು ಕಾಣುತ್ತದೆ ಎನ್ನುವುದೂ ಅದರಿಂದಲೇ ಗೊತ್ತಾಗುತ್ತದೆ.

ಅಗ್ಗದ, ತುಂಬಾ ಬಳಕೆಯಲ್ಲಿರುವ ತಡೆ ಡಿಎನ್‌ಎಸ್, ಅಂದರೆ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ ಮಟ್ಟದ್ದು. ನೀವು ಸೈಟಿನ ಹೆಸರು ಟೈಪ್ ಮಾಡಿದ ಕೂಡಲೇ ಲ್ಯಾಪ್‌ಟಾಪ್ ಆಫೀಸಿನ ಡಿಎನ್‌ಎಸ್ ಸರ್ವರಿಗೆ ‘ಇದರ ವಿಳಾಸ ಏನು’ ಅಂತ ಕೇಳುತ್ತದೆ. ಸಾಮಾನ್ಯವಾಗಿ ಪೋರ್ಟ್ 53 ಎನ್ನುವ, ಅದಕ್ಕೆಂದೇ ಗೊತ್ತುಮಾಡಿದ ದ್ವಾರದಲ್ಲಿ, ಯಾವ ಮುಚ್ಚುಮರೆಯೂ ಇಲ್ಲದೆ. ಫಿಲ್ಟರ್ ಇದ್ದರೆ ಆ ಸರ್ವರ್ ಮೂರರಲ್ಲಿ ಒಂದು ಸುಳ್ಳು ಹೇಳುತ್ತದೆ: ಅಂಥ ಹೆಸರೇ ಇಲ್ಲ ಅನ್ನುತ್ತದೆ, ಇಲ್ಲವೇ 0.0.0.0 ಎನ್ನುವ ಉಪಯೋಗಕ್ಕೆ ಬಾರದ ವಿಳಾಸ ಕೊಡುತ್ತದೆ, ಇಲ್ಲವೇ ‘ತಡೆಯಲಾಗಿದೆ’ ಪುಟ ಇಟ್ಟುಕೊಂಡಿರುವ ತನ್ನದೇ ಸರ್ವರಿನ ವಿಳಾಸ ಕೊಡುತ್ತದೆ (ನಿಮ್ಮ ಮೊದಲ ಲಕ್ಷಣ ಹೀಗೆ ಬಂದಿರಬಹುದು). ಬೈಂಡ್ ಎನ್ನುವ ಹಳೆಯ ಡಿಎನ್‌ಎಸ್ ಸಾಫ್ಟ್‌ವೇರ್‌ಗೆ ಈ ಸೌಲಭ್ಯ 2010ರಲ್ಲೇ ಬಂತು. ಸ್ವಂತ ಸರ್ವರ್ ನಡೆಸುವ ತಲೆನೋವು ಬೇಡ ಅನ್ನುವವರಿಗೆ ಕ್ಲೌಡ್ ಸೇವೆಗಳಿವೆ. 2015ರಲ್ಲಿ ಸಿಸ್ಕೊ ಕೊಂಡ ಓಪನ್‌ಡಿಎನ್‌ಎಸ್‌ನ ಸಂಸ್ಥೆಗಳ ಸೇವೆ ಈಗ ಅಂಬ್ರೆಲಾ ಹೆಸರಿನಲ್ಲಿದೆ. ಸೈಟ್‌ಗಳಿಗೆ ನೆಟ್‌ವರ್ಕ್ ಸೇವೆ ಕೊಡುವ ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ 1.1.1.3 ಅಂತ ಒಂದನ್ನು ಶುರುಮಾಡಿತು, ಅದು ಮನೆ ಬಳಕೆಗೆ. ಸೆಟ್ಟಿಂಗ್‌ನಲ್ಲಿ ಒಂದು ವಿಳಾಸ ಬದಲಿಸಿದರೆ ಮುಗಿಯಿತು.

ಇದರ ಮಿತಿಯೂ ಅಷ್ಟೇ ಸರಳ. ಇಲ್ಲಿ ಕಾಣುವುದು ಸೈಟಿನ ಹೆಸರು ಮಾತ್ರ. ಒಂದು ಸೈಟಿನ ಒಂದೇ ಪುಟ ತಡೆಯಲು ಆಗುವುದಿಲ್ಲ. ತಡೆದರೆ ಪೂರ್ತಿ, ಬಿಟ್ಟರೆ ಪೂರ್ತಿ.

ಈಗ ನಿಮ್ಮ ಎರಡನೇ ಲಕ್ಷಣ, ಸರ್ಟಿಫಿಕೇಟ್ ಎಚ್ಚರಿಕೆ. ಇದನ್ನು ನೋಡಿ ಸೈಟ್ ಹ್ಯಾಕ್ ಆಗಿದೆ ಅಂತ ಗಾಬರಿಪಡುವವರು ತುಂಬಾ ಜನ. ಹೆಚ್ಚಿನ ಸಲ ಅದು ಡಿಎನ್‌ಎಸ್ ಫಿಲ್ಟರಿನ ಅಡ್ಡಪರಿಣಾಮ. ನೀವು ಕೇಳಿದ್ದು ಒಂದು ಸೈಟ್, ಡಿಎನ್‌ಎಸ್ ನಿಮ್ಮನ್ನು ಕಳಿಸಿದ್ದು ತಡೆ ಪುಟದ ಸರ್ವರಿಗೆ. ನಿಮ್ಮ ಬ್ರೌಸರ್ ಅಲ್ಲಿಗೆ ಹೋಗಿ ‘ನೀನು ಆ ಸೈಟೇನಾ, ಸರ್ಟಿಫಿಕೇಟ್ ತೋರಿಸು’ ಅನ್ನುತ್ತದೆ. ಆ ಸರ್ವರ್ ಬಳಿ ಬೇರೆಯವರ ಹೆಸರಿನ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಹಾಗಾಗಿ ಬ್ರೌಸರ್ ಎಚ್ಚರಿಸುತ್ತದೆ, ಪಾಪ, ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ‘ಅಪಾಯವಿದ್ದರೂ ಮುಂದುವರಿಯಿರಿ’ ಎನ್ನುವ ಲಿಂಕ್ ಒತ್ತಿದರೆ ತಡೆ ಪುಟ ಕಾಣುತ್ತಿತ್ತು. ಆದರೆ ದೊಡ್ಡ ಸೈಟ್‌ಗಳು ಎಚ್‌ಎಸ್‌ಟಿಎಸ್ ಎನ್ನುವ ನಿಯಮ ಬಳಸುತ್ತವೆ. 2012ರಿಂದ ಅದು ಅಧಿಕೃತ ಮಾನದಂಡ. ಅದಿದ್ದರೆ ಆ ಲಿಂಕೇ ಇರುವುದಿಲ್ಲ, ಮುಂದುವರಿಯಲು ಬ್ರೌಸರ್ ಬಿಡುವುದೇ ಇಲ್ಲ. ಕಂಪನಿ ಕಷ್ಟಪಟ್ಟು ಚಂದದ ತಡೆ ಪುಟ ಮಾಡಿಸಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ!

ಹಾಗಾದರೆ ಬ್ರೌಸರ್ ಆಫೀಸಿನ ಡಿಎನ್‌ಎಸ್ ಬಿಟ್ಟು ಬೇರೆ ಕಡೆ ಕೇಳಿದರೆ? ಕೇಳಬಹುದು. ಡಿಎನ್‌ಎಸ್ ಪ್ರಶ್ನೆಯನ್ನೇ ಎಚ್‌ಟಿಟಿಪಿಎಸ್ (ಸೈಟಿನ ಜೊತೆಗಿನ ಗುಪ್ತಲಿಪಿಯ ಸಂಪರ್ಕ) ಒಳಗೆ ಮುಚ್ಚಿ ಕಳಿಸುವ ವಿಧಾನ 2018ರಲ್ಲಿ ಮಾನದಂಡವಾಯಿತು. ಡಿಒಎಚ್ ಅಂತ ಕರೆಯುತ್ತಾರೆ. ಇದು ಬಂದಾಗ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನಿದ್ದೆ ಕೆಟ್ಟಿತು. ಫೈರ್‌ಫಾಕ್ಸ್ ಒಂದು ರಾಜಿ ಸೂತ್ರ ಇಟ್ಟಿತು: ಅದು ಗೊತ್ತುಪಡಿಸಿದ ಒಂದು ಹೆಸರನ್ನು ಆಫೀಸಿನ ಡಿಎನ್‌ಎಸ್ ಬಳಿ ಕೇಳುತ್ತದೆ, ‘ಅಂಥದ್ದಿಲ್ಲ’ ಅಂತ ಉತ್ತರ ಬಂದರೆ ಇಲ್ಲಿ ಫಿಲ್ಟರ್ ಇದೆ ಅಂತ ತಿಳಿದು, ತಾನಾಗಿ ಆನ್ ಮಾಡಿಕೊಂಡ ಡಿಒಎಚ್ ಅನ್ನು ಬಿಟ್ಟುಕೊಡುತ್ತದೆ. ನೀವು ಕೈಯಾರೆ ಆನ್ ಮಾಡಿದ್ದರೆ ಬಿಟ್ಟುಕೊಡುವುದಿಲ್ಲ. ಅದಕ್ಕೇ ಸಂಸ್ಥೆಗಳು ಹೆಸರಾಂತ ಡಿಒಎಚ್ ಸರ್ವರ್‌ಗಳನ್ನೇ ತಡೆಪಟ್ಟಿಗೆ ಸೇರಿಸುತ್ತವೆ, ಕಂಪನಿ ಲ್ಯಾಪ್‌ಟಾಪ್ ಆದರೆ ಆ ಸೆಟ್ಟಿಂಗನ್ನೇ ಬೀಗ ಹಾಕಿಡುತ್ತವೆ.

ಮೂರನೇ ಲಕ್ಷಣ, ಸುತ್ತುತ್ತಲೇ ಇರುವುದು. ಇದು ಫೈರ್‌ವಾಲ್ (ಒಳಹೊರಗಿನ ಸಂಪರ್ಕಗಳನ್ನು ತಪಾಸಣೆ ಮಾಡುವ ಕಾವಲು) ಕೆಲಸ ಇರಬೇಕು. ಫೈರ್‌ವಾಲ್ ಎರಡು ಥರ ಬೇಡ ಅನ್ನಬಹುದು. ಒಂದು, ಬಾಯಿಬಿಟ್ಟು ಬೇಡ ಅನ್ನುವುದು: ಸಂಪರ್ಕ ಕಡಿಯುವ ಸಂದೇಶ ಕಳಿಸುತ್ತದೆ, ಬ್ರೌಸರ್ ಕೂಡಲೇ ‘ಕನೆಕ್ಷನ್ ರೀಸೆಟ್’ ಅಂತ ತೋರಿಸುತ್ತದೆ. ಇನ್ನೊಂದು, ಏನೂ ಹೇಳದೆ ಪ್ಯಾಕೆಟ್‌ಗಳನ್ನು (ಡೇಟಾದ ತುಣುಕುಗಳನ್ನು) ಬಿಸಾಡುವುದು. ಆಗ ಬ್ರೌಸರ್ ಉತ್ತರಕ್ಕೆ ಕಾಯುತ್ತದೆ, ಮತ್ತೆ ಕಳಿಸುತ್ತದೆ, ಮತ್ತೆ ಕಾಯುತ್ತದೆ, ಕೊನೆಗೆ ‘ಟೈಮ್ಡ್ ಔಟ್’ ಅಂತ ಕೈಚೆಲ್ಲುತ್ತದೆ. ಹೊರಗಿನಿಂದ ಬರುವವರ ವಿಷಯದಲ್ಲಿ ಈ ಮೌನ ಸರಿ. ಒಳಗಿನ ಉದ್ಯೋಗಿಗಳ ವಿಷಯದಲ್ಲಿ ಇದು ಶುದ್ಧ ಕಿರಿಕಿರಿ ಅಂತ ನನ್ನ ಅಭಿಪ್ರಾಯ. ತಡೆದಿದ್ದಾರೋ, ನೆಟ್ ಕೆಟ್ಟಿದೆಯೋ, ಸೈಟೇ ಬಿದ್ದಿದೆಯೋ ಅಂತ ತಿಳಿಯದೆ ಜನ ಅರ್ಧ ದಿನ ಕಳೆಯುತ್ತಾರೆ. ಜೊತೆಗೆ, ಬರೀ ಐಪಿ ವಿಳಾಸ ನೋಡಿ ತಡೆಯುವುದು ಒರಟು ಕೆಲಸ. ಕ್ಲೌಡ್‌ಫ್ಲೇರ್‌ನಂಥ ಕಡೆ ಒಂದೇ ವಿಳಾಸದ ಹಿಂದೆ ಎಷ್ಟೋ ಸೈಟ್‌ಗಳಿರುತ್ತವೆ. ಒಂದನ್ನು ತಡೆಯಲು ಹೋಗಿ ಪಕ್ಕದ ನೂರಾರು ಸೈಟ್ ಮುಚ್ಚುತ್ತವೆ. ನಿಮ್ಮದು ಅಂಥ ಪಕ್ಕದ ಸೈಟೂ ಆಗಿರಬಹುದು.

ಈಗಿನ ಫೈರ್‌ವಾಲ್‌ಗಳು ಐಪಿಗಿಂತ ಮುಂದೆ ಹೋಗಿ ಎಸ್‌ಎನ್‌ಐ ಓದುತ್ತವೆ. ಎಚ್‌ಟಿಟಿಪಿಎಸ್ ಅಂದರೆ ಎಲ್ಲವೂ ಮುಚ್ಚಿದೆ ಅಂದುಕೊಂಡಿರುತ್ತೇವೆ, ಅಲ್ವಾ? ಪೂರ್ತಿ ಅಲ್ಲ. ಮಾತುಕತೆ ಶುರುವಾಗುವ ಮೊದಲ ಸಂದೇಶದಲ್ಲೇ ಬ್ರೌಸರ್ ತನಗೆ ಬೇಕಾದ ಸೈಟಿನ ಹೆಸರನ್ನು ಬಿಚ್ಚಿಟ್ಟು ಹೇಳುತ್ತದೆ, ಅದೇ ಎಸ್‌ಎನ್‌ಐ. ಒಂದೇ ವಿಳಾಸದ ಹಿಂದೆ ಹಲವು ಸೈಟ್ ಇರುವುದರಿಂದ ಯಾರ ಸರ್ಟಿಫಿಕೇಟ್ ಕೊಡಬೇಕು ಅಂತ ಸರ್ವರಿಗೆ ತಿಳಿಯಬೇಕಲ್ಲ, ಅದಕ್ಕೆ. ಫೈರ್‌ವಾಲ್ ಆ ಹೆಸರನ್ನು ಓದಿ ಪಟ್ಟಿಯಲ್ಲಿದ್ದರೆ ಸಂಪರ್ಕ ಕಡಿಯುತ್ತದೆ. ಪುಟದ ವಿಳಾಸ, ನೀವು ಹುಡುಕಿದ ಪದ, ಪಾಸ್‌ವರ್ಡ್, ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. 2018ರಲ್ಲಿ ಬಂದ ಟಿಎಲ್‌ಎಸ್ 1.3 (ಎಚ್‌ಟಿಟಿಪಿಎಸ್ ಬಳಸುವ ಗುಪ್ತಲಿಪಿ ನಿಯಮಗಳ ಆವೃತ್ತಿ) ಸರ್ವರಿನ ಸರ್ಟಿಫಿಕೇಟನ್ನೂ ಮುಚ್ಚಿತು, ಮೊದಲು ಅದೂ ಬಯಲಲ್ಲಿತ್ತು. ಈಗ ಆ ಮೊದಲ ಹೆಸರನ್ನೂ ಮುಚ್ಚುವ ಇಸಿಎಚ್ ಎನ್ನುವ ವಿಧಾನ ಬಂದಿದೆ. ಆದರೆ ಅದಕ್ಕೆ ಬೇಕಾದ ಕೀಲಿ ಬರುವುದೇ ಡಿಎನ್‌ಎಸ್ ಮೂಲಕ. ಡಿಎನ್‌ಎಸ್ ಕೈಯಲ್ಲಿರುವ ಸಂಸ್ಥೆ ಆ ಕೀಲಿಯ ದಾಖಲೆಯನ್ನು ಕೊಡದಿದ್ದರೆ ಆಯಿತು, ಬ್ರೌಸರ್ ಹಳೆಯ ರೀತಿಗೇ ಮರಳುತ್ತದೆ. ಕ್ವಿಕ್ ಎನ್ನುವ ಹೊಸ ಸಾಗಣೆ ವಿಧಾನದ ಕಥೆಯೂ ಹೀಗೇ. ಅದನ್ನು ಬಳಸುವ ಎಚ್‌ಟಿಟಿಪಿ 3 ಓಡುವುದು ಯುಡಿಪಿ ಎನ್ನುವ ವಿಧಾನದ ಪೋರ್ಟ್ 443ರ ಮೇಲೆ, ಫಿಲ್ಟರ್‌ಗಳಿಗೆ ಅದನ್ನು ಓದುವುದು ಕಷ್ಟ. ಬಹಳ ಕಡೆ ಅದನ್ನು ಪೂರ್ತಿ ಮುಚ್ಚಿಬಿಡುತ್ತಾರೆ. ಬ್ರೌಸರ್ ಸದ್ದಿಲ್ಲದೆ ಟಿಸಿಪಿ ಎನ್ನುವ ಹಳೆಯ ವಿಧಾನಕ್ಕೆ ಬರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಇನ್ನು ಪ್ರಾಕ್ಸಿ, ಅಂದರೆ ನಿಮ್ಮ ಪರವಾಗಿ ಹೊರಗೆ ಹೋಗಿಬರುವ ಮಧ್ಯವರ್ತಿ ಸರ್ವರ್. ಇದು ಹಳೆಯ ಕಾಲದ್ದು, ಈಗಲೂ ಗಟ್ಟಿಯಾಗಿದೆ. ಸ್ಕ್ವಿಡ್ ಎನ್ನುವ ಪ್ರಾಕ್ಸಿ 1996ರಿಂದ ಇದೆ. ನಿಮ್ಮ ಬ್ರೌಸರ್ ನೇರವಾಗಿ ಹೊರಗೆ ಹೋಗುವುದಿಲ್ಲ, ಪ್ರಾಕ್ಸಿಗೆ ‘ನನ್ನನ್ನು ಇಂಥ ಸೈಟಿನ ಪೋರ್ಟ್ 443ಕ್ಕೆ ಜೋಡಿಸು’ ಅಂತ ಕೇಳುತ್ತದೆ. ಪ್ರಾಕ್ಸಿ ನಿಮ್ಮ ಆಫೀಸ್ ಲಾಗಿನ್ ಕೇಳಬಹುದು. ಆಗ ಲಾಗ್‌ನಲ್ಲಿ (ಅದರ ದಾಖಲೆಯಲ್ಲಿ) ಒಂದು ಸಾಲು ಬೀಳುತ್ತದೆ: ಸಮಯ, ನಿಮ್ಮ ಯಂತ್ರದ ಐಪಿ, ನಿಮ್ಮ ಯೂಸರ್ ನೇಮ್, ಸೈಟಿನ ಹೆಸರು, ಎಷ್ಟು ಬೈಟ್ ಹರಿಯಿತು, ಎಷ್ಟು ಹೊತ್ತು. ಅಷ್ಟೇ. ನೀವು ವಿಕಿಪೀಡಿಯಕ್ಕೆ ಹೋದದ್ದು ಅದಕ್ಕೆ ಗೊತ್ತು, ಯಾವ ಲೇಖನ ಓದಿದಿರಿ ಅಂತ ಗೊತ್ತಿಲ್ಲ. ಹಾಗಂತ ಇದು ಕಡಿಮೆ ಅಂತ ಅಂದುಕೊಳ್ಳಬೇಡಿ. ಕೆಲಸ ಹುಡುಕುವ ಸೈಟುಗಳ ಹೆಸರು ದಿನಾ ಮಧ್ಯಾಹ್ನ ಬರುತ್ತಿದ್ದರೆ ಲೇಖನ ಯಾವುದು ಅಂತ ಯಾರಿಗೆ ಬೇಕು?

ಈಗ ನೀವು ಕೇಳಿದ ಮುಖ್ಯ ವಿಷಯ, ಒಳಗಿನದ್ದನ್ನು ಓದುವುದು. ಇದಕ್ಕೆ ಟಿಎಲ್‌ಎಸ್ ಇನ್‌ಸ್ಪೆಕ್ಷನ್ ಅನ್ನುತ್ತಾರೆ. ಮಧ್ಯದಲ್ಲಿ ಕೂತ ಪೆಟ್ಟಿಗೆ ನಿಮ್ಮ ಪರವಾಗಿ ಸೈಟಿನ ಜೊತೆ ಒಂದು ಮುಚ್ಚಿದ ಸಂಪರ್ಕ ಮಾಡುತ್ತದೆ, ನಿಮ್ಮ ಜೊತೆ ಇನ್ನೊಂದು. ಯಾರೋ ನಿಮ್ಮ ಕಾಗದ ಒಡೆದು ಓದಿ, ಹೊಸ ಕವರಿಗೆ ಹಾಕಿ, ತಮ್ಮ ಸೀಲು ಒತ್ತಿ ಮುಂದೆ ಕಳಿಸಿದ ಹಾಗೆ. ಆ ಸೀಲನ್ನು ನಿಮ್ಮ ಬ್ರೌಸರ್ ಒಪ್ಪಬೇಕಾದರೆ ಕಂಪನಿಯ ರೂಟ್ ಸರ್ಟಿಫಿಕೇಟ್ (ಆ ಸೀಲಿನ ಮೂಲ ಗುರುತು) ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಇರಬೇಕು. ಕಂಪನಿ ಕೊಟ್ಟ ಯಂತ್ರದಲ್ಲಿ ಅದನ್ನು ಹಾಕುವುದು ಐಟಿಯವರಿಗೆ ದೊಡ್ಡ ಮಾತಲ್ಲ. ಹೀಗೆ ಬಿಚ್ಚಿದಾಗ ಅವರಿಗೆ ಪೂರ್ತಿ ವಿಳಾಸ, ಹುಡುಕಿದ ಪದ, ಅಪ್‌ಲೋಡ್ ಮಾಡಿದ ಫೈಲ್, ಫಾರ್ಮಿನಲ್ಲಿ ತುಂಬಿದ್ದು ಎಲ್ಲ ಸಿಗುತ್ತದೆ. ಪಾಸ್‌ವರ್ಡ್ ಕೂಡಾ.

ನೋಡುವುದು ಹೇಗೆ? ಕ್ರೋಮ್‌ನಲ್ಲಿ ಯಾವುದಾದರೂ ಸೈಟ್ ತೆರೆದು ವಿಳಾಸದ ಎಡಗಡೆ ಇರುವ ಚಿಹ್ನೆ ಒತ್ತಿ. ಸಂಪರ್ಕ ಸುರಕ್ಷಿತ ಎನ್ನುವ ಸಾಲು ಬರುತ್ತದೆ, ಅದರೊಳಗೆ ಸರ್ಟಿಫಿಕೇಟ್ ತೆರೆಯಿರಿ. ‘ಇಶ್ಯೂಡ್ ಬೈ’ ಎಂಬಲ್ಲಿ ಯಾರ ಹೆಸರಿದೆ ನೋಡಿ. ಡಿಜಿಸರ್ಟ್, ಲೆಟ್ಸ್ ಎನ್‌ಕ್ರಿಪ್ಟ್, ಗೂಗಲ್ ಟ್ರಸ್ಟ್ ಸರ್ವಿಸಸ್ ಥರದ, ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ಹೆಸರಿದ್ದರೆ ನೆಟ್‌ವರ್ಕ್ ಮಧ್ಯದಲ್ಲಿ ಯಾರೂ ಬಿಚ್ಚಿಲ್ಲ. ನಿಮ್ಮ ಕಂಪನಿಯ ಹೆಸರೋ, ಝೀಸ್ಕೇಲರ್, ಫೋರ್ಟಿನೆಟ್ ಥರದ ಫಿಲ್ಟರ್ ಮಾರುವವರ ಹೆಸರೋ ಇದ್ದರೆ ಬಿಚ್ಚುತ್ತಿದ್ದಾರೆ. ಒಂದೇ ಸೈಟ್ ನೋಡಿ ತೀರ್ಮಾನಿಸಬೇಡಿ. ಒಂದು ಸುದ್ದಿ ಸೈಟ್, ನಿಮ್ಮ ಖಾಸಗಿ ಮೇಲ್, ನಿಮ್ಮ ಬ್ಯಾಂಕು, ಮೂರನ್ನೂ ನೋಡಿ. ಬ್ಯಾಂಕು ಮತ್ತು ಆರೋಗ್ಯದ ಸೈಟುಗಳನ್ನು ಬಿಚ್ಚದೆ ಬಿಡುವುದು ವಾಡಿಕೆ, ಪೆಟ್ಟಿಗೆಯಲ್ಲಿ ಅದಕ್ಕೆಂದೇ ಆಯ್ಕೆ ಇರುತ್ತದೆ. ವಾಡಿಕೆ ಅಷ್ಟೇ, ಖಾತರಿ ಅಲ್ಲ.

ಇಲ್ಲಿ ನನ್ನ ತಕರಾರು ಹೇಳಿಬಿಡುತ್ತೇನೆ. ಎಲ್ಲವನ್ನೂ ಬಿಚ್ಚುವ ಸಂಸ್ಥೆಗಳು ತಾವು ಹೆಚ್ಚು ಸುರಕ್ಷಿತ ಅಂದುಕೊಳ್ಳುತ್ತವೆ. ಬಿಚ್ಚಿದ ಮೇಲೆ ಸೈಟಿನ ಸರ್ಟಿಫಿಕೇಟ್ ಸರಿಯಿದೆಯಾ ಅಂತ ಪರೀಕ್ಷಿಸುವ ಹೊಣೆ ನಿಮ್ಮ ಬ್ರೌಸರಿನಿಂದ ಆ ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆ ಆ ಕೆಲಸ ಕೆಟ್ಟದಾಗಿ ಮಾಡಿದರೆ ನಿಮಗೆ ತಿಳಿಯುವುದೇ ಇಲ್ಲ. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ತಂಡವಾಗಿದ್ದ ಯುಎಸ್ ಸರ್ಟ್ ಮಾರ್ಚ್ 2017ರಲ್ಲಿ ಇದೇ ವಿಷಯಕ್ಕೆ ಎಚ್ಚರಿಕೆ ಹೊರಡಿಸಿತ್ತು. ಅದಕ್ಕೂ ಮುಂಚೆ 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎನ್ನುವ ಜಾಹೀರಾತು ತಂತ್ರಾಂಶ ಸಿಕ್ಕಿತು. ಅದೂ ಹೀಗೇ ಮಧ್ಯದಲ್ಲಿ ಕೂತು ಬಿಚ್ಚುತ್ತಿತ್ತು. ಎಲ್ಲ ಯಂತ್ರಗಳಲ್ಲೂ ಒಂದೇ ಖಾಸಗಿ ಕೀಲಿ, ಅದು ಬಯಲಾದ ಮೇಲೆ ಯಾರು ಬೇಕಾದರೂ ಯಾವ ಸೈಟಿನ ವೇಷವನ್ನಾದರೂ ಹಾಕಿ ಆ ಲ್ಯಾಪ್‌ಟಾಪ್‌ಗಳನ್ನು ನಂಬಿಸಬಹುದಿತ್ತು. ಬಿಚ್ಚಲೇಬೇಕು ಅನ್ನುವ ಜಾಗಗಳಿವೆ, ಫೈಲ್ ಹಂಚುವ ಸೈಟುಗಳಂಥವು, ಅಲ್ಲಿ ಬಿಚ್ಚಲಿ. ಬೇಕಿಲ್ಲದ ಕಡೆ ಬಿಚ್ಚುವುದು ಅಪಾಯವನ್ನು ತಾವೇ ಕರೆದುಕೊಂಡ ಹಾಗೆ.

ನಿಮ್ಮ ಸ್ವಂತ ಫೋನು ಆಫೀಸ್ ವೈಫೈಗೆ ಸೇರಿದ್ದರೆ ವಿಷಯ ಬೇರೆ. ಅದರಲ್ಲಿ ಕಂಪನಿಯ ಸರ್ಟಿಫಿಕೇಟ್ ನೀವು ಹಾಕಿಕೊಳ್ಳದಿದ್ದರೆ ಒಳಗಿನದ್ದನ್ನು ಸದ್ದಿಲ್ಲದೆ ಓದಲು ಆಗುವುದಿಲ್ಲ. ಪ್ರಯತ್ನಿಸಿದರೆ ನಿಮಗೆ ಎಚ್ಚರಿಕೆ ಬರುತ್ತದೆ. ಹೆಸರುಗಳು ಮಾತ್ರ ಆಗಲೂ ಕಾಣುತ್ತವೆ. ಆಂಡ್ರಾಯ್ಡ್ 7ರಿಂದ ಈಚೆಗೆ, ಹಾಕಿಕೊಂಡರೂ ಹೆಚ್ಚಿನ ಆ್ಯಪ್‌ಗಳು ಅಂಥ ಸರ್ಟಿಫಿಕೇಟನ್ನು ತಾವಾಗಿ ನಂಬುವುದಿಲ್ಲ. ಆದರೆ ‘ವೈಫೈಗೆ ಸೇರಲು ಈ ಪ್ರೊಫೈಲ್ ಹಾಕಿಕೊಳ್ಳಿ’ ಅಂದರೆ ಒಂದು ಸಲ ನಿಂತು ಓದಿ.

ಕಂಪನಿ ಲ್ಯಾಪ್‌ಟಾಪ್ ಬಗ್ಗೆ ಇನ್ನೊಂದು ಮಾತು. ಫಿಲ್ಟರ್ ನೆಟ್‌ವರ್ಕ್‌ನಲ್ಲೇ ಇರಬೇಕೆಂದಿಲ್ಲ, ಯಂತ್ರದೊಳಗೇ ಒಂದು ಏಜೆಂಟ್ (ಕಂಪನಿ ಹಾಕಿದ ಕಾವಲು ತಂತ್ರಾಂಶ) ಕೂತಿರಬಹುದು. ಕ್ರೋಮ್ ಮೆನುವಿನ ತಳದಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್’ ಅಂತ ಇದ್ದರೆ ಬ್ರೌಸರ್ ಅವರ ಹಿಡಿತದಲ್ಲಿದೆ. ಅಂಥ ಕಡೆ ಮನೆಗೆ ಹೋದರೂ ಫಿಲ್ಟರ್ ಜೊತೆಗೇ ಬರುತ್ತದೆ, ಸರ್ಟಿಫಿಕೇಟ್ ಪರೀಕ್ಷೆ ಪೂರ್ತಿ ಸಮಾಧಾನ ಕೊಡುವುದಿಲ್ಲ. ಇನ್‌ಕಾಗ್ನಿಟೊ ಬಳಸಿದರೆ? ಏನೂ ಪ್ರಯೋಜನವಿಲ್ಲ, ಅದು ನಿಮ್ಮ ಯಂತ್ರದಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ.

ಯಾವುದನ್ನು ತಡೆಯಬೇಕು ಅಂತ ತೀರ್ಮಾನಿಸುವವರು ಯಾರು? ಹೆಚ್ಚಿನ ಸಲ ನಿಮ್ಮ ಐಟಿಯವರಲ್ಲ. ಫಿಲ್ಟರ್ ಮಾರುವ ಕಂಪನಿಗಳು ಸೈಟುಗಳನ್ನೆಲ್ಲ ಹತ್ತಾರು ವರ್ಗಗಳಾಗಿ ವಿಂಗಡಿಸಿ ಇಟ್ಟಿರುತ್ತವೆ: ಜೂಜು, ಸಾಮಾಜಿಕ ಜಾಲ, ಅಶ್ಲೀಲ, ಮಾಲ್‌ವೇರ್, ಹೀಗೆ. ಐಟಿಯವರು ವರ್ಗಗಳ ಎದುರು ಟಿಕ್ ಹಾಕುತ್ತಾರೆ. ವಿಂಗಡಣೆ ಹೆಚ್ಚಾಗಿ ಯಂತ್ರದ ಕೆಲಸ, ಹಾಗಾಗಿ ಎಡವಟ್ಟುಗಳೂ ಹೆಚ್ಚು. 1996ರಲ್ಲಿ ಎಒಎಲ್ ಎನ್ನುವ ಇಂಟರ್ನೆಟ್ ಸೇವೆಯ ಕಂಪನಿ ಇಂಗ್ಲೆಂಡಿನ ಸ್ಕಂಥೋರ್ಪ್ ಊರಿನವರಿಗೆ ಖಾತೆ ತೆರೆಯಲು ಬಿಡಲಿಲ್ಲ, ಊರ ಹೆಸರಿನ ಅಕ್ಷರಗಳ ನಡುವೆ ಒಂದು ಬೈಗುಳ ಅಡಗಿತ್ತು ಅಂತ. ಪದ ಹುಡುಕಿ ತಡೆಯುವ ಕಾಲ ಬಹುಪಾಲು ಹೋಯಿತು, ಎಡವಟ್ಟು ಹೋಗಿಲ್ಲ. ಮೇಲೆ ಹೇಳಿದ 1.1.1.3 ಶುರುವಾದಾಗ ಲೈಂಗಿಕ ಅಲ್ಪಸಂಖ್ಯಾತರ ನೆರವಿನ ಸೈಟುಗಳೂ ಮುಚ್ಚಿಕೊಂಡವು. ತಪ್ಪು ಪಟ್ಟಿ ಆಯ್ಕೆಯಾಗಿತ್ತು ಅಂತ ಕ್ಲೌಡ್‌ಫ್ಲೇರ್ ಕ್ಷಮೆ ಕೇಳಿ ಸರಿಪಡಿಸಿತು.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಉಪಯೋಗದ ವರ್ಗ ‘ಹೊಸದಾಗಿ ನೋಂದಾಯಿಸಿದ ಡೊಮೈನ್’. ಮೋಸದ ಪುಟಗಳು ಬಹಳಷ್ಟು ಸಲ ಕೆಲವೇ ದಿನ ಬದುಕುವ ಹೊಸ ಹೆಸರುಗಳಲ್ಲಿರುತ್ತವೆ. ಎಲ್ಲಕ್ಕಿಂತ ವ್ಯರ್ಥದ್ದು ಟೈಮ್‌ಪಾಸ್ ವರ್ಗಗಳು. ಎಲ್ಲರ ಜೇಬಿನಲ್ಲೂ ಫೋನಿರುವಾಗ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಮುಚ್ಚಿ ಸಾಧಿಸುವುದೇನು? ಕೆಲಸ ಮಾಡದವರನ್ನು ಮ್ಯಾನೇಜರ್ ನೋಡಿಕೊಳ್ಳಬೇಕು, ಫೈರ್‌ವಾಲ್ ಅಲ್ಲ. ಪೂರ್ತಿ ಮುಚ್ಚದೆ ಅರ್ಧ ಬಿಡುವ ದಾರಿಗಳೂ ಇವೆ. ಡಿಎನ್‌ಎಸ್‌ನಲ್ಲೇ ಒಂದು ಬದಲಾವಣೆ ಮಾಡಿ ಯೂಟ್ಯೂಬನ್ನು ನಿರ್ಬಂಧಿತ ಮೋಡ್‌ನಲ್ಲಿ, ಗೂಗಲ್ ಹುಡುಕಾಟವನ್ನು ಸೇಫ್ ಸರ್ಚ್‌ನಲ್ಲಿ ಮಾತ್ರ ತೆರೆಯುವಂತೆ ಮಾಡಬಹುದು. ಬಿಚ್ಚುವ ಪ್ರಾಕ್ಸಿ ಇದ್ದರೆ ಕಂಪನಿಯ ಗೂಗಲ್ ಖಾತೆ ತೆರೆಯುತ್ತದೆ, ಖಾಸಗಿ ಖಾತೆ ತೆರೆಯುವುದಿಲ್ಲ ಅನ್ನುವ ಹಾಗೂ ಮಾಡಬಹುದು.

ಕೆಲವು ಸಂಸ್ಥೆಗಳಿಗೆ ಆಯ್ಕೆಯೇ ಇರುವುದಿಲ್ಲ ಎನ್ನುವುದನ್ನೂ ಹೇಳಬೇಕು. ಅಮೆರಿಕದಲ್ಲಿ 2000ದಲ್ಲಿ ಬಂದ ಸಿಪಾ ಕಾನೂನಿನ ಪ್ರಕಾರ, ಇಂಟರ್ನೆಟ್‌ಗೆ ಕೇಂದ್ರದ ರಿಯಾಯಿತಿ ಪಡೆಯುವ ಶಾಲೆ, ಗ್ರಂಥಾಲಯಗಳು ಫಿಲ್ಟರ್ ಇಡಲೇಬೇಕು. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಗ್ರಂಥಾಲಯದಲ್ಲಿ ವಯಸ್ಕರು ಕೇಳಿದರೆ ತೆಗೆದುಕೊಡಬಹುದು ಎನ್ನುವ ಅಂಶ ಆ ತೀರ್ಪಿಗೆ ಮುಖ್ಯವಾಗಿತ್ತು.

ಈಗ ನೀವು ಮಾಡಬೇಕಾದ್ದು. ವಿಪಿಎನ್ ಹಾಕಿ ನುಸುಳುವ ಯೋಚನೆ ಇದ್ದರೆ ಬಿಡಿ. ದಿನವಿಡೀ ಒಂದೇ ಅಪರಿಚಿತ ವಿಳಾಸಕ್ಕೆ ಹರಿಯುವ ಸಂಪರ್ಕ ಲಾಗ್‌ನಲ್ಲಿ ಎದ್ದು ಕಾಣುತ್ತದೆ. ಆಮೇಲೆ ಮಾತು ಸೈಟಿನ ಬಗ್ಗೆ ಇರುವುದಿಲ್ಲ, ನಿಮ್ಮ ಬಗ್ಗೆ ಇರುತ್ತದೆ. ಕೆಲಸಕ್ಕೆ ಬೇಕಾದ ಸೈಟ್ ಆದರೆ ಐಟಿಗೆ ಟಿಕೆಟ್ ಹಾಕಿ. ‘ನೆಟ್ ಬರುತ್ತಿಲ್ಲ’ ಅಂತಲ್ಲ. ಪೂರ್ತಿ ವಿಳಾಸ, ಸರಿಯಾದ ಸಮಯ, ತೆರೆಯ ಮೇಲಿನ ಸಂದೇಶದ ಸ್ಕ್ರೀನ್‌ಶಾಟ್, ಯಾವ ಕೆಲಸಕ್ಕೆ ಬೇಕು ಅನ್ನುವ ಒಂದು ಸಾಲು, ಇಷ್ಟು. ಸಮಯ ಇದ್ದರೆ ಅವರು ಲಾಗ್‌ನಲ್ಲಿ ಆ ಸಾಲನ್ನು ಹುಡುಕಿಕೊಳ್ಳಬಲ್ಲರು. ಸುತ್ತುತ್ತಲೇ ಇರುವ ಆ ಮೂರನೇ ಸೈಟಿಗೆ ‘ಟೈಮ್ಡ್ ಔಟ್ ಬರುತ್ತಿದೆ, ಫೈರ್‌ವಾಲ್‌ನಲ್ಲಿ ಡ್ರಾಪ್ ಆಗುತ್ತಿದೆಯಾ ನೋಡಿ’ ಅಂತ ಸೇರಿಸಿ. ಸೈಟ್ ತಪ್ಪು ವರ್ಗದಲ್ಲಿದೆ ಅನ್ನಿಸಿದರೆ, ದೊಡ್ಡ ಫಿಲ್ಟರ್ ಕಂಪನಿಗಳ ಬಳಿ ಸೈಟಿನ ವರ್ಗ ನೋಡಲು, ಬದಲಿಸಲು ಕೋರಲು ಎಲ್ಲರಿಗೂ ತೆರೆದ ಪುಟ ಇರುತ್ತದೆ. ತಡೆ ಪುಟದಲ್ಲಿ ವರ್ಗದ ಹೆಸರು ಸಾಮಾನ್ಯವಾಗಿ ಬರೆದಿರುತ್ತದೆ, ಅದನ್ನು ನೋಡಿಕೊಂಡು ನೀವೇ ಅರ್ಜಿ ಹಾಕಬಹುದು.

ಇನ್ನು ಐಟಿಯವರು ‘ಪಾಲಿಸಿ’ ಅಂದಾಗ ಸಿಟ್ಟಾಗದೆ ಮೂರು ಪ್ರಶ್ನೆ ಕೇಳಿ: ಎಚ್‌ಟಿಟಿಪಿಎಸ್ ಬಿಚ್ಚುತ್ತೀರಾ, ಬಿಚ್ಚದೆ ಬಿಡುವ ವರ್ಗಗಳು ಯಾವುವು, ಲಾಗ್ ಎಷ್ಟು ದಿನ ಇಡುತ್ತೀರಿ ಮತ್ತು ಅದನ್ನು ಯಾರು ನೋಡಬಹುದು. ಪಾಲಿಸಿ ಬರಹದಲ್ಲಿದ್ದರೆ ಇವಕ್ಕೆ ಉತ್ತರ ಅದರಲ್ಲೇ ಇರಬೇಕು. ಬ್ಯಾಂಕ್ ಸೈಟಿನ ಸರ್ಟಿಫಿಕೇಟ್‌ನಲ್ಲಿ ಕಂಪನಿಯ ಹೆಸರು ಕಂಡರೆ ಆ ಯಂತ್ರದಿಂದ ಲಾಗಿನ್ ಆಗಬೇಡಿ. ಈಗಾಗಲೇ ಆಗಿದ್ದರೆ ನಿಮ್ಮ ಫೋನಿನಲ್ಲಿ, ಮೊಬೈಲ್ ಡೇಟಾ ಹಾಕಿಕೊಂಡು ಪಾಸ್‌ವರ್ಡ್ ಬದಲಿಸಿ, ಹಣಕಾಸು ವರ್ಗವನ್ನು ಬಿಚ್ಚದ ಪಟ್ಟಿಗೆ ಸೇರಿಸಿ ಅಂತ ಐಟಿಗೆ ಬರೆಯಿರಿ.